ಟೋಕಿಯೊದ ಉಯೆನೊ ಪಾರ್ಕಿನಲ್ಲಿ ಝೂ, ಮ್ಯೂಸಿಯಂ ಬಿಟ್ಟರೆ ನೋಡುವಂಥ ಹಳೆಯ ಸ್ಮಾರಕಗಳಿವೆಯಾ?

ಖಂಡಿತ ಇವೆ. ಈ ಜಾಗ ಮೊದಲು ಪಾರ್ಕೇ ಆಗಿರಲಿಲ್ಲ. 1625ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ತೊಕುಗಾವಾ ಶೋಗನ್‌ಗಳ ಕಾಲದಲ್ಲಿ ಶುರುವಾದ ಕಾನೆಯ್‌ಜಿ ಎಂಬ ದೊಡ್ಡ ಬೌದ್ಧ ದೇವಾಲಯದ ಆವರಣ ಇದು. 1868ರಲ್ಲಿ ಶೋಗನ್ ಪರವಾಗಿದ್ದ ಶೋಗಿತಾಯ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. ಶೋಗನ್ ಆಳ್ವಿಕೆ ಕೊನೆಗೊಳಿಸಿ ಬಂದ ಹೊಸ ಸರ್ಕಾರದ ಸೈನ್ಯ ಒಂದೇ ದಿನದಲ್ಲಿ ಅವರನ್ನು ಸೋಲಿಸಿತು. ದೇವಾಲಯದ ಬಹುಪಾಲು ಸುಟ್ಟುಹೋಯಿತು. 1873ರಲ್ಲಿ ಇದು ಪಾರ್ಕ್ ಆಯಿತು.

ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಸೈಗೊ ತಕಮೊರಿ ಪ್ರತಿಮೆಯ ಹತ್ತಿರ. ಸಾದಾ ಕಿಮೋನೊ, ಜೊತೆಗೊಂದು ನಾಯಿ. ಆ ಯುದ್ಧದಲ್ಲಿ ಸರ್ಕಾರದ ಕಡೆಯ ಮುಖ್ಯ ನಾಯಕರಲ್ಲಿ ಒಬ್ಬ ಈತ. ಮುಂದೆ ಅದೇ ಸರ್ಕಾರದ ವಿರುದ್ಧ ದಂಗೆಯೆದ್ದು 1877ರಲ್ಲಿ ಸತ್ತ. ಆಮೇಲೆ ಕ್ಷಮೆ ಸಿಕ್ಕಿ, 1898ರಲ್ಲಿ ಪ್ರತಿಮೆ ನಿಂತಿತು. ಅದರ ಹಿಂದೆಯೇ ಶೋಗಿತಾಯ್ ಯೋಧರ ಸಮಾಧಿ ಇದೆ. ಗೆದ್ದವರೂ ಸೋತವರೂ ಇಷ್ಟು ಹತ್ತಿರ ಇದ್ದಾರೆ. ಆದರೂ ಜಾಸ್ತಿ ಜನ ಸಮಾಧಿ ಕಡೆ ನೋಡದೆ ಹೋಗಿಬಿಡುತ್ತಾರೆ, ಬೇಜಾರಿನ ವಿಷಯ ಅಲ್ವಾ? ದಯವಿಟ್ಟು ನೀವು ಹಾಗೆ ಮಾಡಬೇಡಿ.

ಉಯೆನೊ ದೊಡ್ಡ ಬುದ್ಧನ ಮುಖವನ್ನೂ ನೋಡಿ. 1923ರ ಭೂಕಂಪದಲ್ಲಿ ತಲೆ ಕಳಚಿ ಬಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೈಯ ಲೋಹ ಯುದ್ಧದ ಬಳಕೆಗೆ ಹೋಯಿತು. ಉಳಿದದ್ದು ಮುಖ ಮಾತ್ರ. ಇನ್ನು ಬೀಳುವ ಭಯವಿಲ್ಲದ ಈ ಮುಖದಂತೆ ತಾವೂ ಫೇಲ್ ಆಗಬಾರದು ಎಂದು ಪರೀಕ್ಷೆ ಬರೆಯುವ ಮಕ್ಕಳು ಇಲ್ಲಿ ಬಂದು ಬೇಡಿಕೊಳ್ಳುತ್ತಾರೆ.

ಸಮಯ ಇದ್ದರೆ 1631ರ ಕಿಯೊಮಿಜು ಕನ್ನೊನ್ ಮಂದಿರ ಮತ್ತು 1651ರ ತೊಶೊಗು ಗುಡಿಗೂ ಹೋಗಿ. ಐದು ಅಂತಸ್ತಿನ ಪಗೋಡ ಮಾತ್ರ ಝೂ ಆವರಣದೊಳಗಿದೆ. ಹತ್ತಿರದಿಂದ ನೋಡಲು ಝೂ ಟಿಕೆಟ್ ಬೇಕು.