ಪ್ರವಾಸ ಪ್ರಶ್ನೋತ್ತರ: ಉಪ್ಪಿನ ಮಡಿ, ಹೊಕ್ಕುಳ ಕಲ್ಲು

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಜೂನ್‌ನಲ್ಲಿ ನಮ್ಮಿಬ್ಬರನ್ನೂ ಹವಾಯಿಯ ಕವಾಯಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಬೆಟ್ಟ ಹತ್ತಲು ನನ್ನ ಮಂಡಿ ಬಿಡುವುದಿಲ್ಲ. ಸಮುದ್ರ ದಂಡೆ ನಮ್ಮೂರಲ್ಲೇ ಇದೆ. ಜನ ಜಾಸ್ತಿ ಹೋಗದ ಹಳೆಯ ಜಾಗಗಳಿವೆಯಾ? ನಮ್ಮವರಿಗೆ ಒಂದು ದೇವಸ್ಥಾನವೂ ಬೇಕು!
– ಓದುಗರೊಬ್ಬರು, ಕುಮಟಾ

ಉತ್ತರ: ಇವೆ ಅಕ್ಕಾ. ಕಾರಿಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಅಂಥವನ್ನೇ ಹೇಳುತ್ತೇನೆ.

ಮೊದಲು ಹನಪೇಪೆ ಊರಿನ ಉಪ್ಪಿನ ಮಡಿಗಳು. ನೀವು ಕುಮಟಾದವರು, ಸಾಣಿಕಟ್ಟೆಯ ಆಗರ ನೋಡಿಯೇ ಇರುತ್ತೀರಿ. ಇಲ್ಲಿಯದು ವ್ಯಾಪಾರದ ಆಗರ ಅಲ್ಲ. ಕೆಲವೇ ಹವಾಯಿ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಬೇಸಿಗೆಯಲ್ಲಿ ಬಾವಿಗಳನ್ನು ಶುಚಿ ಮಾಡುತ್ತಾರೆ. ನೆಲದಡಿಯಿಂದ ಜಿನುಗಿದ ಉಪ್ಪುನೀರನ್ನು ಜೇಡಿಮಣ್ಣಿನ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಬಿಡುತ್ತಾರೆ. ಒಂದು ಮಳೆ ಬಂದರೆ ಅಷ್ಟೂ ಹಾಳು. ಈ ಉಪ್ಪನ್ನು ಅವರು ಮಾರುವುದಿಲ್ಲ, ಬೇಕಾದವರಿಗೆ ಕೊಡುತ್ತಾರೆ. ನಾನು ಹೋದಾಗ ಒಬ್ಬ ಅಜ್ಜಿ ಕಾಗದದಲ್ಲಿ ಒಂದು ಚಿಟಿಕೆ ಸುತ್ತಿ ಕೊಟ್ಟರು. ಅಲಾಯಾ ಎಂಬ ಕೆಂಪು ಮಣ್ಣು ಬೆರೆತು ಇಟ್ಟಿಗೆ ಬಣ್ಣ ಬಂದಿತ್ತು. ನಾಲಿಗೆಗೆ ಮೊದಲು ಉಪ್ಪು, ಆಮೇಲೆ ಮಣ್ಣಿನ ರುಚಿ. ಮನೆಗೆ ತಂದು ಮಾವಿನಕಾಯಿಗೆ ಹಚ್ಚಿ ತಿಂದೆವು. ಮಡಿಗಳೊಳಗೆ ಮಾತ್ರ ದಯವಿಟ್ಟು ಕಾಲಿಡಬೇಡಿ. ಚಪ್ಪಲಿಯ ಕೊಳೆ ಅವರ ಊಟಕ್ಕೆ ಹೋಗುತ್ತದೆ, ಅಲ್ವಾ? ಪಕ್ಕದ ಬೀಚ್ ಪಾರ್ಕ್ ಕಡೆಯಿಂದಲೇ ನೋಡಿ.

ಅಲ್ಲಿಂದ ಮುಂದಕ್ಕೆ ವೈಮೇಯಾ. 1778ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಬಂದಿಳಿದ ಊರು. ಊರ ಹೊರಗೆ ರಷ್ಯನ್ ವ್ಯಾಪಾರ ಕಂಪನಿಯ ಕಾಲದ, 1817ರ, ನಕ್ಷತ್ರದಾಕಾರದ ಕೋಟೆ ಇದೆ. ಈಗ ಉಳಿದಿರುವುದು ಗೋಡೆಗಳಷ್ಟೇ, ಹತ್ತು ನಿಮಿಷ ಸಾಕು. ಅದಕ್ಕಿಂತ ನನಗೆ ಇಷ್ಟವಾದದ್ದು ತೂಗುಸೇತುವೆ ಹತ್ತಿರದ ಮೆನೆಹೂನೆ ಕಾಲುವೆ. ಹವಾಯಿಯ ಹಳೆಯ ಕಟ್ಟೆಗಳಲ್ಲಿ ಕಲ್ಲನ್ನು ಹೀಗೆ ಕೆತ್ತಿ ಜೋಡಿಸಿದ್ದು ಬಲು ಅಪರೂಪ. ಮೆನೆಹೂನೆ ಎಂಬ ಕುಳ್ಳ ಜನ ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬ ಕಥೆಯಿದೆ. ಈಗ ರಸ್ತೆ ಬದಿಯಲ್ಲಿ ಕಾಣುವುದು ಸ್ವಲ್ಪವೇ. ಕಾರು ನಿಲ್ಲಿಸದಿದ್ದರೆ ತಪ್ಪಿಹೋಗುತ್ತದೆ.

ಇನ್ನೊಂದು ದಿನ ಪೂರ್ವದ ವೈಲುವಾ ನದಿ ಕಡೆಗೆ ಇಡಿ. ಅಲ್ಲಿ ಹೊಲೊಹೊಲೊಕೂ ಎಂಬ ಹಳೆಯ ಪವಿತ್ರ ಜಾಗವಿದೆ. ಕವಾಯಿಯ ರಾಜಮನೆತನದ ಹೆಂಗಸರು ಅಲ್ಲಿನ ಕಲ್ಲಿಗೆ ಬೆನ್ನು ಕೊಟ್ಟು ಹೆರುತ್ತಿದ್ದರು. ಮಗುವಿನ ಹೊಕ್ಕುಳಬಳ್ಳಿಯನ್ನು ಕಲ್ಲಿನ ಸಂದಿಯಲ್ಲಿ ಇಡುತ್ತಿದ್ದರು. ಇಲಿ ಒಯ್ದರೆ ಮಗು ಕಳ್ಳನಾಗುತ್ತದೆಂಬ ನಂಬಿಕೆ. ನಾನು ಮೂರು ಹೆತ್ತವಳು. ಆ ಕಲ್ಲಿನ ಮುಂದೆ ತುಂಬ ಹೊತ್ತು ಸುಮ್ನೆ ನಿಂತಿದ್ದೆ. ಹತ್ತಬೇಡಿ, ಮುಟ್ಟಬೇಡಿ.

ಅದೇ ರಸ್ತೆಯಲ್ಲಿ ಮೇಲಕ್ಕೆ ಹೋದರೆ ನಿಮ್ಮವರಿಗೆ ಬೇಕಾದ ದೇವಸ್ಥಾನ ಸಿಗುತ್ತದೆ. ಆಶ್ರಮವೊಂದರ ಒಳಗಿರುವ ಇರೈವನ್ ಶಿವಾಲಯ, 2023ರಲ್ಲಿ ಕುಂಭಾಭಿಷೇಕವಾಯಿತು. ಗರ್ಭಗುಡಿಯಲ್ಲಿ ಸುಮಾರು 300 ಕಿಲೋ ತೂಕದ ಸ್ಫಟಿಕ ಲಿಂಗ. ಅದಕ್ಕೂ ದೊಡ್ಡ ವಿಷಯ, ದೇವಸ್ಥಾನದ ಕಲ್ಲು ನಮ್ಮದು! ಬೆಂಗಳೂರಿನ ಹೊರವಲಯದಲ್ಲಿ ಶಿಲ್ಪಿಗಳಿಗೆಂದೇ ಊರೊಂದನ್ನು ಕಟ್ಟಿ, 1990ರಿಂದ ಉಳಿ ಸುತ್ತಿಗೆ ಹಿಡಿದು ಕೈಯಲ್ಲೇ ಕೆತ್ತಿಸಿ, ಹಡಗಿನಲ್ಲಿ ಸಾಗಿಸಿದ್ದು. ಆಶ್ರಮದ ಒಳಗೆ ಬಿಡುವುದಕ್ಕೆ ನಿಗದಿತ ಸಮಯವಿದೆ, ಮಗಳಿಗೆ ಮೊದಲೇ ವಿಚಾರಿಸಲು ಹೇಳಿ. ಹೋದಾಗ ಕಂಬಗಳ ಹತ್ತಿರ ನಿಂತು ಉಳಿಯ ಗುರುತು ನೋಡಿ.