ಓದುಗರ ಪ್ರಶ್ನೆ: ಕಲ್ಕತ್ತೆಯಲ್ಲಿ ಒತ್ತಿದ ಗ್ರಾಮಫೋನ್ ಪ್ಲೇಟುಗಳು

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ನಲವತ್ತು ಗ್ರಾಮಫೋನ್ ಪ್ಲೇಟುಗಳು ಸಿಕ್ಕಿವೆ. ಹಾಡುಗಳು ಕನ್ನಡದವು, ಆದರೆ ಲೇಬಲ್ಲಿನ ಅಂಚಿನಲ್ಲಿ ‘ಡಂ ಡಂ’ ಎಂದಿದೆ. ಏನಿದು? ಎಷ್ಟು ಹಳೆಯವು ಎಂದು ತಿಳಿಯುವುದು ಹೇಗೆ? (ಧಾರವಾಡ)

ಉತ್ತರ: ಡಂ ಡಂ ಕಲ್ಕತ್ತೆಯ ಹೊರವಲಯದ ಊರು. ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿ. ಹಾಡಿದವರು ಎಲ್ಲಿಯವರೇ ಆಗಿರಲಿ, ಪ್ಲೇಟು ಒತ್ತುತ್ತಿದ್ದದ್ದು ಕಲ್ಕತ್ತೆಯಲ್ಲಿ. ಶುರುವಿನಲ್ಲಿ ಅದೂ ಇರಲಿಲ್ಲ. 1902ರ ನವೆಂಬರಿನಲ್ಲಿ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಹಾಡುಗಳು ಜರ್ಮನಿಯ ಹ್ಯಾನೋವರಿಗೆ ಹಡಗಿನಲ್ಲಿ ಹೋಗಿ, ಅಲ್ಲಿ ಪ್ಲೇಟಾಗಿ ತಿರುಗಿ ಬಂದವು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂತು. ಡಂ ಡಂಗೆ ಹೋದದ್ದು 1920ರ ದಶಕದ ಕೊನೆಗೆ. ಹಾಗಾಗಿ ಡಂ ಡಂ ಎಂದಿದ್ದರೆ ಪ್ಲೇಟು ಅದಕ್ಕಿಂತ ಹಳೆಯದಲ್ಲ. ಒಂದೇ ಮಗ್ಗುಲಲ್ಲಿ ಹಾಡಿದ್ದು ಇನ್ನೊಂದು ಮಗ್ಗುಲು ನುಣುಪಾಗಿದ್ದರೆ, ಅಥವಾ ಲೇಬಲ್ಲಿನಲ್ಲಿ ಎಚ್‌ಎಂವಿ ಗುರುತಿನ ನಾಯಿಯ ಬದಲು ಗರಿ ಹಿಡಿದು ಬರೆಯುವ ದೇವತೆಯ ಚಿತ್ರವಿದ್ದರೆ, ಅದು ಬಹಳ ಹಳೆಯ ಪ್ಲೇಟು. ಅಂಥದ್ದು ಸಿಕ್ಕರೆ ನುಡಿಸಲು ಆತುರಪಡಬೇಡಿ.

ಪ್ರಶ್ನೆ: ಹಳೆಯ ಹಿಂದೂಸ್ತಾನಿ ಪ್ಲೇಟುಗಳಲ್ಲಿ ಹಾಡು ಮುಗಿಯುತ್ತಲೇ ಗಾಯಕಿ ತನ್ನ ಹೆಸರನ್ನು ಕೂಗಿ ಹೇಳುತ್ತಾಳೆ. ಯಾಕೆ? (ಹುಬ್ಬಳ್ಳಿ)

ಉತ್ತರ: ಹ್ಯಾನೋವರಿನಲ್ಲಿ ಲೇಬಲ್ ಅಂಟಿಸುವವರಿಗೆ ಇದು ಯಾರ ಹಾಡು ಎಂದು ಗುರುತು ಸಿಗಲಿ ಎಂದು. ಕಲ್ಕತ್ತೆಯ ಗೌಹರ್ ಜಾನ್ ‘ಮೈ ನೇಮ್ ಈಸ್ ಗೌಹರ್ ಜಾನ್’ ಎನ್ನುವುದು ಇದಕ್ಕೇ. ಆಗ ಮೈಕ್ ಇಲ್ಲ, ಕರೆಂಟಿನ ಧ್ವನಿಮುದ್ರಣ ಬಂದದ್ದೇ 1925ರಲ್ಲಿ. ಗಾಯಕಿ ತಗಡಿನ ಕೊಂಬಿನ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಆ ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೆರೆಯಲ್ಲಿ ದನಿ ಮೂಡುವುದಿಲ್ಲ, ತಾರಸ್ಥಾಯಿಯಲ್ಲಿ ಜೋರಾಗಿ ಎತ್ತಿದರೆ ಸೂಜಿ ಹಾರಿ ಪಕ್ಕದ ಗೆರೆ ಕೆಡುತ್ತದೆ. ಹತ್ತಿಂಚಿನ ಪ್ಲೇಟಿಗೆ ಸಿಗುವುದು ಮೂರು ನಿಮಿಷ ಚಿಲ್ಲರೆ. ಆಲಾಪವನ್ನು ಎರಡು ಉಸಿರಿಗೆ ಇಳಿಸಿ, ನೇರ ಮಧ್ಯಲಯಕ್ಕೆ ಬಂದು, ಒಂದಿಷ್ಟು ಮಿಂಚಿನ ತಾನ್ ಹಾಕಿ ಮುಗಿಸುವ ಕಲೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಇದನ್ನು ಮೊದಲು ಮೈಗೂಡಿಸಿಕೊಂಡವರು ಕಲ್ಕತ್ತೆಯ ರಂಗಭೂಮಿಯ ಹುಡುಗಿಯರು ಮತ್ತು ತವಾಯಫರು (ಹಾಡು, ಕುಣಿತವೇ ವೃತ್ತಿಯಾಗಿದ್ದ ಕಲಾವಿದೆಯರು). ನಮ್ಮ ಸಂಗೀತ ಚರಿತ್ರೆ ಅವರ ಋಣವನ್ನು ಇನ್ನೂ ಸರಿಯಾಗಿ ತೀರಿಸಿಲ್ಲ. ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದರು. 1928ರಲ್ಲಿ ಆಸ್ಥಾನ ಸೇರಿದರು, 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು.

ಪ್ರಶ್ನೆ: ಬೂಷ್ಟು ಹಿಡಿದಿದ್ದ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಹೊಳಪೆಲ್ಲ ಹೋಗಿ ಬೂದಿಬಣ್ಣಕ್ಕೆ ತಿರುಗಿದೆ. ಸರಿಮಾಡಬಹುದೇ? (ಶಿವಮೊಗ್ಗ)

ಉತ್ತರ: ಆಗುವುದಿಲ್ಲ. ಆ ಪ್ಲೇಟು ಪ್ಲಾಸ್ಟಿಕ್ ಅಲ್ಲ, ಅರಗು. ಅರಗಿನ ಜೊತೆ ಕಲ್ಲಿನ ಪುಡಿ, ಕಾಡಿಗೆಯಂಥ ಮಸಿ, ಹತ್ತಿಯ ಎಳೆ ಸೇರಿಸಿ ಬಿಸಿಯಲ್ಲಿ ಒತ್ತಿದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದೂ ಹೀಗೆಯೇ. ನೀವು ಒರೆಸಿದ್ದು ಬೂಷ್ಟಿನ ಜೊತೆಗೆ ಗೆರೆಯ ಗೋಡೆಯನ್ನೂ.

ಉಳಿದ ಪ್ಲೇಟುಗಳನ್ನು ಹೀಗೆ ತೊಳೆಯಿರಿ. ಮೊದಲು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಬೂಷ್ಟು ಉದುರಿಸಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಮೆದು ದ್ರವ ಎರಡೇ ಹನಿ. ಅದರಲ್ಲಿ ಅಮೋನಿಯಾ, ಆಲ್ಕೊಹಾಲ್ ಇರಬಾರದು. ಮೆತ್ತನೆಯ ಬ್ರಷ್ಷನ್ನು ಅದ್ದಿ, ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಬೇಡ. ಲೇಬಲ್ಲಿಗೆ ನೀರು ತಾಗಬಾರದು. ಬರೀ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ಜಾಲಿಸಿ, ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದು, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ನೆನೆಹಾಕಲೇಬೇಡಿ. ಅಂಚು ಸೀಳಿದ್ದರೆ ನೀರು ಒಳಗೆ ಇಳಿಯುತ್ತದೆ. ಕೊಲಂಬಿಯಾ ಕಂಪನಿಯ ಕೆಲವು ಪ್ಲೇಟುಗಳ ಪದರಗಳ ನಡುವೆ ಕಾಗದವೂ ಇದೆ, ಅದು ಉಬ್ಬಿದರೆ ಪ್ಲೇಟು ಮುಗಿದಂತೆ. ಬಿಸಿಲು, ಬಿಸಿಗಾಳಿ ಎರಡೂ ಬೇಡ, ಅರಗು ಮೆತ್ತಗಾಗಿ ತಟ್ಟೆ ಸೊಟ್ಟಾಗುತ್ತದೆ. ಇಡುವಾಗ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಪ್ರಶ್ನೆ: ಕೀ ಕೊಡುವ ಪೆಟ್ಟಿಗೆಗೆ ಒಂದು ಸೂಜಿ ಎಷ್ಟು ದಿನ ಬರುತ್ತದೆ? (ಮಂಡ್ಯ)

ಉತ್ತರ: ದಿನದ ಮಾತೇ ಇಲ್ಲ. ಒಂದು ಮಗ್ಗುಲಿಗೆ ಒಂದು ಸೂಜಿ. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮೊದಲ ಕೆಲವು ಸುತ್ತಿನಲ್ಲೇ ಉಕ್ಕಿನ ಮೊನೆಯನ್ನು ಗೆರೆಯ ಆಕಾರಕ್ಕೆ ಮಸೆಯುತ್ತದೆ, ಬೇಕೆಂದೇ ಹಾಗೆ ಮಾಡಿದ್ದು. ಮೂರು ನಿಮಿಷವಾದ ಮೇಲೆ ಸೂಜಿಯನ್ನು ಭೂತಗನ್ನಡಿಯಲ್ಲಿ ನೋಡಿ: ದುಂಡು ಮೊನೆಯ ಎರಡು ಬದಿ ಚಪ್ಪಟೆಯಾಗಿ, ಉಳಿಯ ಬಾಯಿಯಂತೆ ಅಂಚು ಎದ್ದಿರುತ್ತದೆ. ಅದನ್ನೇ ಮತ್ತೆ ಹಾಕಿದರೆ ಆ ಉಳಿ ಹಾಡನ್ನು ಕೆತ್ತಿ ಬಿಸಾಡುತ್ತದೆ.

ಪ್ರಶ್ನೆ: ಹೊಸ ಟರ್ನ್‌ಟೇಬಲ್ಲಿನಲ್ಲಿ 78ರ (ನಿಮಿಷಕ್ಕೆ 78 ಸುತ್ತು) ವೇಗಕ್ಕಿಟ್ಟರೂ ಬರೀ ಸರಸರ ಸದ್ದು. ಗೌಹರ್ ಜಾನ್ ದನಿಯೂ ಕೀರಲು. (ಬೆಂಗಳೂರು)

ಉತ್ತರ: ಎರಡು ಬೇರೆ ಬೇರೆ ತಪ್ಪುಗಳು. ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಸೂಜಿಯ ಮೊನೆಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), 78ರ ಗೆರೆಗೆ ಬೇಕಾದದ್ದು 65ರಿಂದ 75. ಸಣ್ಣ ಮೊನೆ ಗೋಡೆ ಮುಟ್ಟದೆ ತಳದ ಕೊಳೆಯಲ್ಲಿ ಓಡುತ್ತದೆ, ನೀವು ಕೇಳುತ್ತಿರುವುದು ಆ ಕೊಳೆಯನ್ನು. 78ಕ್ಕೆಂದೇ ಬರುವ ಸೂಜಿ ಹಾಕಿ, ಆಂಪ್ಲಿಫೈಯರನ್ನು ಮೋನೋಗೆ ತಿರುಗಿಸಿ. ಇನ್ನು ಕೀರಲು: 1925ಕ್ಕೆ ಮುಂಚಿನ ಪ್ಲೇಟುಗಳಿಗೆ 78 ಎಂಬ ಕಟ್ಟುನಿಟ್ಟು ಇರಲಿಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಏರುತ್ತದೆ, ಲಯವೂ ಓಡುತ್ತದೆ. ವೇಗ ಹೊಂದಿಸುವ ಗುಂಡಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋಗಿ. ಕೊನೆಯಲ್ಲಿ ಅವರು ಹೆಸರು ಹೇಳುವ ಜಾಗದಲ್ಲಿ ಕಿವಿಯಿಡಿ: ಹಾಡಿನಲ್ಲಿ ಮೋಸಹೋಗುವ ಕಿವಿ ಮಾತಿನಲ್ಲಿ ಹೋಗುವುದಿಲ್ಲ. ಆ ಮಾತು ಮನುಷ್ಯರ ಮಾತಿನಂತೆ ಕೇಳಿದರೆ ವೇಗ ಸರಿಯಿದೆ.