ಕಾರ್-ಟಿ ಕೋಶಕ್ಕೆ ಸ್ವಿಚ್ ಇದೆಯಾ?

ರಕ್ತದ ಕ್ಯಾನ್ಸರ್ ತಜ್ಞರ ಉತ್ತರ

ಪ್ರಶ್ನೆ: ಭಾವನಿಗೆ ಲಿಂಫೋಮಾ. ಕಾರ್-ಟಿ ಮಾಡಿಸಿ ಅಂದಿದ್ದಾರೆ. ಜೀನ್ ಸೇರಿಸಿದ ಕೋಶ ಮೈಯೊಳಗೆ ಹೋಗಿ ಅತಿಯಾದರೆ, ತೋಟದ ಪಂಪಿನ ಹಾಗೆ ಆಫ್ ಮಾಡಲು ಸ್ವಿಚ್ ಇರುತ್ತದಂತೆ. ಹೌದಾ?
– ಬದಿಯಡ್ಕದ ಓದುಗರು

ಉತ್ತರ: ಇಲ್ಲ. ವಾಟ್ಸಾಪ್ ವಿಡಿಯೋ ನೋಡಿ ಎಲ್ಲರೂ ಇದನ್ನೇ ಕೇಳುತ್ತಾರೆ. ಕಾರ್-ಟಿ ಅಂದರೆ ರೋಗಿಯದೇ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಕಾರ್ ಎಂಬ ಪ್ರೋಟೀನಿನ ಜೀನ್ ಸೇರಿಸಿ ವಾಪಸ್ ಕೊಡುವುದು. 2023ರಲ್ಲಿ ಒಪ್ಪಿಗೆ ಸಿಕ್ಕ ನಮ್ಮ ದೇಶದ್ದೇ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ರಲ್ಲೂ ಅಂಥ ಸ್ವಿಚ್ ಇಲ್ಲ. ಸೇರಿಸಿದ ಜೀನಿನ ಮುಂದೆ ಪ್ರಮೋಟರ್ ಎಂಬ ಡಿಎನ್‌ಎ ತುಂಡು ಇರುತ್ತದೆ. ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದು ಅದರ ಕೈಯಲ್ಲಿ. ಈಗಿನ ಚಿಕಿತ್ಸೆಯಲ್ಲಿ ಅದು ಸದಾ ಆನ್. ಸಿಡಿ19 (ಬಿ ಕೋಶ ಎಂಬ ಬಿಳಿ ರಕ್ತಕಣದ ಮೇಲಿನ ಗುರುತು) ಇರುವ ಕೋಶ ಕಂಡರೆ ಕಾರ್-ಟಿ ಕೋಶ ಹೊಡೆಯುತ್ತದೆ, ಒಳ್ಳೆಯ ಬಿ ಕೋಶವನ್ನೂ ಬಿಡುವುದಿಲ್ಲ. ಜಾಸ್ತಿಯಾದರೆ ಜ್ವರ ಏರುತ್ತದೆ, ಬಿಪಿ ಇಳಿಯುತ್ತದೆ. ಆಗ ಅದನ್ನು ತಗ್ಗಿಸಲು ಟೊಸಿಲಿಜುಮ್ಯಾಬ್ ಎಂಬ ಔಷಧಿ, ಸ್ಟಿರಾಯ್ಡ್ ಕೊಡುತ್ತೇವೆ.

ವಿಡಿಯೋ ಪೂರ್ತಿ ಸುಳ್ಳಲ್ಲ. 2011ರಲ್ಲಿ, ಅಸ್ಥಿಮಜ್ಜೆ ಕಸಿ ಆದವರಿಗೆ ಕೊಟ್ಟ ಟಿ ಕೋಶಗಳಲ್ಲಿ ಔಷಧಿ ಕೊಟ್ಟಾಗ ಕೋಶವನ್ನು ಸಾಯಿಸುವ ಕ್ಯಾಸ್ಪೇಸ್-9 ಜೀನ್ ಇಟ್ಟಿದ್ದರು. ಒಂದು ಡೋಸ್ ಔಷಧಿಗೆ, 30 ನಿಮಿಷದಲ್ಲಿ ಆ ಕೋಶಗಳಲ್ಲಿ 90%ಕ್ಕಿಂತ ಹೆಚ್ಚು ಸತ್ತವು. ಆದರೆ ಸತ್ತದ್ದು ಮತ್ತೆ ಆನ್ ಆಗುವುದಿಲ್ಲ, ಅಲ್ವಾ? ಕಾರ್-ಟಿಯಲ್ಲಿ ಹಾಗೆ ಮಾಡಿದರೆ ಚಿಕಿತ್ಸೆಯೇ ಹೋಯಿತು. ಇನ್ನೊಂದು ದಾರಿ, ಡಾಕ್ಸಿಸೈಕ್ಲಿನ್ ಇದ್ದಾಗ ಮಾತ್ರ ಕೆಲಸ ಮಾಡುವ ಪ್ರಮೋಟರ್. ಹೌದು, ಇಲಿಜ್ವರಕ್ಕೆ ನುಂಗುವ ಅದೇ ಮಾತ್ರೆ. ಮಾತ್ರೆ ನಿಲ್ಲಿಸಿದರೂ ಕೋಶದ ಮೇಲಿನ ಕಾರ್ ಪ್ರೋಟೀನ್ ಕೂಡಲೇ ಮಾಯವಾಗದು. ಮಾತ್ರೆ ಇಲ್ಲದೆಯೂ ಜೀನ್ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ಇದಿನ್ನೂ ಪ್ರಯೋಗದ ಹಂತ. ಸುಮ್ನೆ ಭಾವನಿಗೆ ಡಾಕ್ಸಿ ತಿನ್ನಿಸಬೇಡಿ!

ನಾನು ಈ ವಿಷಯದಲ್ಲಿ ಸ್ವಲ್ಪ ಹೆದರುವವನೇ. ಕೋಶ ಕೊಟ್ಟ ಮೇಲೆ ಒಂದು ತಿಂಗಳು ಆಸ್ಪತ್ರೆ ಹತ್ತಿರವೇ ರೂಮ್ ಮಾಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನ ತನಕ ಕಾಯಬೇಡಿ. ಆಸ್ಪತ್ರೆಯಲ್ಲಿ ದಿನಾ ಭಾವನ ಕೈಯಲ್ಲಿ ಒಂದು ವಾಕ್ಯ ಬರೆಸುತ್ತಾರೆ. ಕನ್ನಡದಲ್ಲೇ ಬರೆಯಲಿ. ನರ್ಸ್‌ಗೆ ಕನ್ನಡ ಓದಲು ಬರದಿದ್ದರೂ ಪರವಾಗಿಲ್ಲ, ನಿನ್ನೆಯ ಅಕ್ಷರದ ಪಕ್ಕ ಇಟ್ಟು ನೋಡಿದರೆ ಸೊಟ್ಟಗಾದದ್ದು ಗೊತ್ತಾಗುತ್ತದೆ. ಮಿದುಳಿಗೆ ತಟ್ಟಿದ್ದರ ಮೊದಲ ಸುಳಿವು ಅದೇ ಇರಬಹುದು.

ಪ್ರಶ್ನೆ: ಜೊತೆಗೆ ಲಕ್ಷ್ಮಣಫಲದ ಎಲೆಯ ಕಷಾಯ ಕೊಡಬಹುದಾ? – ಪೆರ್ಲ

ಉತ್ತರ: ಬೇಡ. ಯಾವ ಪಂಡಿತರು ಹೇಳಿದರೂ ಬೇಡ.

ಪ್ರಶ್ನೆ: ಎಂಡೋಸಲ್ಫಾನ್ ಬಾಧಿತ ಮಗಳಿಗೆ ಇದು ಆಗುತ್ತದಾ? – ಮುಳ್ಳೇರಿಯ

ಉತ್ತರ: ಇಲ್ಲಮ್ಮ. ಇದಕ್ಕೆ ಒಪ್ಪಿಗೆ ಇರುವುದು ರಕ್ತದ ಕೆಲವು ಕ್ಯಾನ್ಸರ್‌ಗೆ ಮಾತ್ರ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಅಂತ ಅಡ್ವಾನ್ಸ್ ಕೇಳುವವರನ್ನು ಜಗಲಿ ಹತ್ತಲೂ ಬಿಡಬೇಡಿ.